ಫೋಟೋ ಇಲ್ಲದ ಸಂಘ

ಹುನಗುಂದದ ಬಸ್ ನಿಲ್ದಾಣದಲ್ಲಿ ಬಾದಾಮಿ ಬಸ್ಸಿಗೆ ಕಾದು ಕಾದು ತುಳಸೀಬಾಯಿಗೆ ಸಾಕುಸಾಕಾಗಿತ್ತು. ಆಕೆಯ ಪಕ್ಕದಲ್ಲಿ ಕಪ್ಪು ಕನ್ನಡಕದ ಕುರುಡ ಹುಡುಗನೊಬ್ಬ ಕೂತಿದ್ದ. ಆಗಷ್ಟೇ ಬಸ್ಸಿಳಿದ ಹುಡುಗಿಯೊಬ್ಬಳು ಉಸ್ಸೆಂದು ಅವನ ಬದಿಗೆ ಬಂದು ಕೂತಳು. ಬೇಡವೆಂದರೂ ಅವರ ಮಾತು ತುಳಸೀಬಾಯಿಯ ಕಿವಿಗೆ ಬೀಳತೊಡಗಿತು.

“ಯುನಿವರ್ಸಿಟಿಯವರು ಏನಂದ್ರು, ಸುರೇಖಾ?”

“ನಮ್ಮ ಸಂಘಕ್ಕ ಈ ವರ್ಷನೂ ಅನುದಾನ ಇಲ್ಲಂತ, ಬೀರಲಿಂಗ. ಕೆಲಸ ಮಾಡಿದ ಫೋಟೋ ಎಲ್ಲೈತಿ ಅಂತ ಕೇಳಿದ್ರು.”

“ಕಣ್ಣಿಲ್ಲದವರ ಪರೀಕ್ಷಾ ಬರದು ಕೊಡೋ ಸಂಘ ನಮ್ದು. ಪರೀಕ್ಷಾ ಹಾಲ್‌ನ್ಯಾಗ ಮೊಬೈಲ್ ಬಿಡ್ತಾರೇನು?”

“ಅದನ್ನ ಹೇಳಿದೆ. ಫೋಟೋ ಇಲ್ಲಂದ್ರ ಏನೂ ಮಾಡಾಕ ಬರೂದಿಲ್ಲ ಅಂದ್ರು.”

“ಮತ್ತ ಯಾರಿಗೆ ಕೊಟ್ರು?”

“ಬೆತ್ತ ಹಂಚೋ ಸಂಘಕ್ಕ. ಅವರ ಎಲ್ಲಾ ಫೋಟೋದಾಗೂ ಬೆತ್ತ ಇಸ್ಕೊಳ್ಳಾಂವ ನೀನ ಅದೀ.”



“ಸೋಮವಾರ ನನ್ನ ಪರೀಕ್ಷಾ ಯಾರು ಬರೀತಾರ?”

“ಬಸ್ ಚಾರ್ಜ್ ಕೊಡಲಿಲ್ಲಂದ್ರ ಹುಡುಗರು ಎಷ್ಟಂತ ಬಂದಾರು? ನಾನ ಬರ್ತೇನಿ. ಹೆಣ್ಮಕ್ಕಳಿಗೆ ಬಸ್ ಪುಕ್ಕಟ ಐತಲ್ಲ.”

ಬೇವೂರಿನ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು.

“ನಮ್ಮ ಬಸ್ ಬಂತು, ಏಳು. ನಿನ್ನ ಬೆತ್ತ ಎಲ್ಲಿ?”

“ಆ ಬೆತ್ತದ ಸಂಘದವರ ಕಡೇನ ಐತಿ. ಮುಂದಿನ ಕಾರ್ಯಕ್ರಮಕ್ಕ ಬೇಕಂತ, ಫೋಟೋ ಹೊಡದ ಕೂಡ್ಲೆ ವಾಪಸ್ ಇಸ್ಕೊಂಡ್ರು.”

ಹುಡುಗಿ ಅವನ ಕೈಯನ್ನು ತನ್ನ ಹೆಗಲ ಮೇಲಿಟ್ಟುಕೊಂಡು ಬಸ್ಸಿನ ಕಡೆ ನಡೆದಳು.