ಶಿಂಗೋಡಾ ಕೆರೆಗೆ ನೀರು ಬರುವ ದಾರಿ

ಇಲ್ಲ ಇಲ್ಲ ಮಕ್ಕಳೇ, ರೋಡಿನ ಈಚೆ ಅಲ್ಲ, ಆಚೆ, ಈಗ ಫ್ಲ್ಯಾಟಿನ ಮೂರು ಬಿಲ್ಡಿಂಗು ನಿಂತಿದ್ದಾವಲ್ಲ, ಅಲ್ಲಿತ್ತು ಕೆರೆ. ಆಗ ಈ ಸ್ಯಾಟಲೈಟ್ ಏರಿಯಾ ಅಂದ್ರೆ ಊರಿನ ತುದಿ, ಗೊತ್ತುಂಟಾ? ನಮ್ಮ ಹೋಟ್ಲಿನ ಹಿಂಬಾಗಿಲು ತೆಗೆದ್ರೆ ಎದುರಿಗೇ ನೀರು. ಚಳಿಗಾಲದ ಬೆಳಿಗ್ಗೆ ಇಡ್ಲಿ ಒಲೆ ಮೇಲಿಟ್ಟು ನಾನು ಅಲ್ಲಿ ನಿಲ್ತಿದ್ದೆ. ಇಡ್ಲಿಯ ಹಬೆ ಹೊರಗೆ ಹೋಗುದು, ಕೆರೆಯ ಮಂಜು ಒಳಗೆ ಬರುದು, ಎಲ್ಲಿ ಯಾವುದು ಮುಗೀತು ಅಂತ ತಿಳಿತಿರ್ಲಿಲ್ಲ. ಆ ಬಿಳಿಯ ಒಳಗಿಂದ ಜಮ್ನಾಬೆನ್ ಬರ್ತಿದ್ಲು, ಮಗುಚಿದ ಎರಡು ಮಡಕೆಗೆ ಹಲಗೆ ಕಟ್ಟಿ ಅದರ ಮೇಲೆ ಕೂತು, ಶಬ್ದವೇ ಇಲ್ಲ, ಕನಸಲ್ಲಿ ಬಂದ ಹಾಗೆ. ಕೆರೆ ತುಂಬ ಅವಳ ಶಿಂಗೋಡಾ ಬಳ್ಳಿ. ನೀರಲ್ಲಿ ಬೆಳೆಯುವ ಕಾಯಿ ಅದು, ಮೇಲೆ ಮುಳ್ಳು, ಒಳಗೆ ಹಾಲಿನ ಹಾಗೆ ಬಿಳಿ. ಒಂದು ಹಿಡಿ ನನ್ನ ಸೆರಗಿಗೆ ಹಾಕುದು, ಎರಡು ಇಡ್ಲಿ ತಿನ್ನುದು, ಪುನಃ ಮಂಜಿನೊಳಗೆ ಹೋಗುದು.

ಎಂತ ಹೇಳ್ತಿದ್ದೆ? ಹಾಂ, ಮಳೆ. ನಾವು ಊರು ಬಿಟ್ಟು ಇಲ್ಲಿಗೆ ಬಂದ ಹೊಸತರಲ್ಲಿ ಮಳೆ ನಾಕೈದು ದಿನ ನಿಧಾನ ಬರ್ತಿತ್ತು. ಕೆರೆ ಕುಡೀತಾ ಕೂರ್ತಿತ್ತು. ಆಮೇಲಾಮೇಲೆ ಎಂತಾಯ್ತು, ಒಂದೇ ದಿನ ಎಲ್ಲ ಸುರಿದು ಬಿಡುದು, ಮತ್ತೆ ತಿಂಗಳಿಡೀ ಬಿಸಿಲು. ಸೊಸೈಟಿಯವರು, ಅಂದ್ರೆ ಹೊಸ ಮನೆಗಳ ಕಾಲನಿಯವರು, ಬೋರ್ ಹೊಡೆಸಿದ್ರು, ಅವರ ಪಕ್ಕದವರು ಇನ್ನೂ ಆಳಕ್ಕೆ ಹೊಡೆಸಿದ್ರು. ನಮ್ಮ ಬಾವಿ ನೀರು ಸಪ್ಪೆಯಾಯ್ತು, ಅಲ್ಲ, ಸಪ್ಪೆ ಅಲ್ಲ, ಉಪ್ಪು. ಚಹಾ ಒಡೀತಿತ್ತು. ಆಗ ಬಿಲ್ಡರಿನ ಲಾರಿ ಬಂತು ನೋಡಿ, ಒಡೆದ ಇಟ್ಟಿಗೆ ತುಂಬ್ಕೊಂಡು, ಕೆರೆಗೆ ಸುರೀಲಿಕ್ಕೆ.

ನಾನು ಓದಿದ್ದು ನಾಕನೇ ಕ್ಲಾಸು. ಮೆಣಸು ಕಟ್ಟಿ ಬರುವ ಪೇಪರ್ ನೋಡಿ ನೋಡಿ ಗುಜರಾತಿ ಅಕ್ಷರ ಕಲಿತವಳು. ಕೆರೆ ಮುಚ್ಬೇಡಿ ಅಂತ ಸರಕಾರಕ್ಕೆ ಅರ್ಜಿ ನಾನೇ ಬರ್ದೆ. ಆಸುಪಾಸಿನ ಹೆಂಗಸರನ್ನೆಲ್ಲ ಕರ್ಕೊಂಡು ಹೋಗಿ ಲಾರಿ ಎದುರು ಕೂತೆ. ಡ್ರೈವರ್ ಕೂಗಿದ, "ಮಾಸಿ, ಖಸೋ!" ಸರಿಯುದಿಲ್ಲ, ನನ್ನ ಮೇಲೇ ಹತ್ತಿಸು ಅಂದೆ. ನಿಮ್ಮಜ್ಜ ಒಳಗಿಂದ, "ಏ ಮಾರಾಯ್ತಿ, ಸಾಂಬಾರು ತಳ ಹಿಡೀತು!" ಹಿಡೀಲಿ ಅಂದೆ. ಕಡೆಗೆ ಸರಕಾರದಿಂದ ಉತ್ತರ ಬಂತು. ಮಳೆಗಾಲ ಮುಗಿಯುವಾಗ ಸಾಹೇಬ್ರು ಬರ್ತಾರೆ, ನೀರಿದ್ರೆ ಕೆರೆ, ಇಲ್ಲದಿದ್ರೆ ಬರೀ ಜಾಗ, ಪ್ಲಾಟ್ ಮಾಡಿ ಕೊಡುದು ಅಂತ.

ಆ ವರ್ಷ ಮಳೆ ಎಂತ ಕಡಿಮೆ ಬಂತಾ? ಸೊಸೈಟಿ ರೋಡಲ್ಲಿ ಸ್ಕೂಟರ್ ಮುಳುಗಿತು! ಕೆರೆ ಮಾತ್ರ ಒಡೆದ ಹಿಮ್ಮಡಿಯ ಹಾಗೆ ಬಿರುಕು ಬಿಟ್ಕೊಂಡೇ ಇತ್ತು. ನಾನು ಬೊಬ್ಬೆ ಹೊಡೆದೆ, ಬಿಲ್ಡರ್ ಕಳ್ಳ, ನೀರು ತಿರುಗಿಸಿದ್ದಾನೆ ಅಂತ. ಜಮ್ನಾಬೆನ್ ತೊಟ್ಟಿಯಲ್ಲಿ ಬಳ್ಳಿ ಇಟ್ಕೊಂಡು ಕಾಯ್ತಿದ್ಲು, ಎಲೆ ಹಳದಿಯಾಗಿತ್ತು. "ಚಾಲೋ ಬೆನ್, ತೋರಿಸ್ತೇನೆ," ಅಂತ ನನ್ನ ಕೈ ಹಿಡಿದು ಕರ್ಕೊಂಡು ಹೋದ್ಲು. ಎಲ್ಲಿಗೆ? ನನ್ನ ಹಿಂಬಾಗಿಲಿಗೆ.

ನೋಡಿ, ನಮ್ಮ ಊರಲ್ಲಿ ಕೆಸರು ಕಂಡ್ರೆ ತೆಂಗಿನ ಸಿಪ್ಪೆ ಹಾಕಿ ದಾರಿ ಮಾಡುದು ಕ್ರಮ. ಹೋಟ್ಲಿಗೆ ಸುಲಿಯದ ಕಾಯಿಯೇ ತರಿಸ್ತಿದ್ದೆವು, ಹೆಚ್ಚು ದಿನ ಇರ್ತದೆ ಅಂತ. ಪಾತ್ರೆ ತೊಳೀಲಿಕ್ಕೆ ಹೋಗಿಬರುವಲ್ಲಿ ಒಂದು ತಗ್ಗಿತ್ತು, ಮೂರು ವರ್ಷ ಅದಕ್ಕೆ ಸಿಪ್ಪೆ, ಚಿಪ್ಪು, ಬೂದಿ ಹಾಕಿ ಮೆಟ್ಟಿ ಮೆಟ್ಟಿ ಒಳ್ಳೆ ಗಟ್ಟಿ ದಾರಿ ಮಾಡಿದ್ದೆ. ಊರಲ್ಲಿ ಅಂಥದ್ದನ್ನು ಒಂದು ಮಳೆ ಬಂದು ಎತ್ಕೊಂಡು ಹೋಗ್ತದೆ. ಇಲ್ಲಿ ಹಾಗಲ್ಲ, ನೆಲ ಹರಿವಾಣದ ಹಾಗೆ ಸಮ, ನೀರಿಗೆ ಅಷ್ಟು ರಭಸ ಇಲ್ಲ. ಮೇಲಿನ ಹೊಲದ ನೀರೆಲ್ಲ ಆ ಒಂದು ತಗ್ಗಿನಲ್ಲೇ ಕೆರೆಗೆ ಇಳಿಯುದು. "ಇದು ಕೆರೆಯ ಬಾಯಿ," ಅಂದ್ಲು ಜಮ್ನಾಬೆನ್.

"ಇಷ್ಟು ವರ್ಷ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ನೀನು ಬಿಟ್ಟಿದ್ದೆಲ್ಲಿ ಬೆನ್? ನಿನ್ನ ಭಾಷಣವೇ ಮುಗಿಯುದಿಲ್ಲ."

ಮರುದಿನವೇ ಸಾಹೇಬ್ರು ಬಂದ್ರು. ಬಿಲ್ಡರಿನ ಜನ, ನನ್ನ ಹೆಂಗಸರು, ಎಲ್ಲ ಸೇರಿದ್ರು. ಸಾಹೇಬ್ರು ಬರೀಲಿಕ್ಕೆ ಶುರು ಮಾಡಿದ್ರು. ಎದುರು ನಿಂತು ಅಕ್ಷರ ತಲೆಕೆಳಗಾಗಿಯೇ ಓದಿದೆ: ಒಣಗಿದೆ ಅಂತ. ಬಾಯಿ ಮುಚ್ಚಿ ನಿಂತ್ರೆ ನನ್ನ ಮರ್ಯಾದೆ ಉಳೀತಿತ್ತು. "ಸಾಹೇಬ್ರೆ, ಒಣಗಿದ್ದಲ್ಲ, ಒಣಗಿಸಿದ್ದು. ನಾನೇ ಬಾಯಿ ಕಟ್ಟಿದವಳು," ಅಂದೆ. ಬಿಲ್ಡರಿನವ ಹೊಟ್ಟೆ ಹಿಡ್ಕೊಂಡು ನಕ್ಕ, "ವಾಹ್ ಲೀಡರ್‌ಬೆನ್! ನಾವು ಸುಮ್ಮನೆ ಲಾರಿಗೆ ಡೀಸೆಲ್ ಸುಟ್ಟೆವು!" ನನ್ನ ಜೊತೆ ಲಾರಿ ಎದುರು ಕೂತ ಹೆಂಗಸರಲ್ಲಿ ಇಬ್ಬರು ಎದ್ದು ಹೋದ್ರು, ಮತ್ತೆ ನನ್ನ ಹತ್ರ ಮಾತಾಡ್ಲೇ ಇಲ್ಲ. ಸಾಹೇಬ್ರು ಪೆನ್ನು ಮುಚ್ಚಿದ್ರು. "ಎಂಟು ದಿನ ಬಿಟ್ಟು ಈ ಕಡೆ ಬರುದುಂಟು. ಆಗಲೂ ಹೀಗೇ ಇದ್ರೆ ಹೀಗೇ ಬರೀತೇನೆ."

ನಾನು, ಜಮ್ನಾಬೆನ್, ನಿಮ್ಮಜ್ಜ, ಉಳಿದ ಹೆಂಗಸರು, ನಾಕು ದಿನ ಅಗೆದೆವು. ಕೊಳೆತ ಸಿಪ್ಪೆ ನಾತ, ಉಗುರಿನೊಳಗೆಲ್ಲ ಕಪ್ಪು. ಅಗೆದು ಮುಗೀತು, ಆಕಾಶ ಖಾಲಿ. ಐದನೇ ದಿನ ಖಾಲಿ. ಆರನೇ ದಿನ ಮಧ್ಯಾಹ್ನ ಸುರೀತು ನೋಡಿ. ಮೊದಲು ಏನೂ ಇಲ್ಲ. ಆಮೇಲೆ ಆ ತಗ್ಗಿನಲ್ಲಿ ಒಂದು ಕೆಂಪು ಎಳೆ, ಕುರುಡರು ಗೋಡೆ ಮುಟ್ಟಿ ಮುಟ್ಟಿ ಬರ್ತಾರಲ್ಲ, ಹಾಗೆ ಬಂತು ನೀರು. ಬಿರುಕಿನೊಳಗೆ ಇಳಿಯುವಾಗ ನೆಲ ನಿಟ್ಟುಸಿರು ಬಿಟ್ಟದ್ದು ಕೇಳಿದ್ದೇನೆ ನಾನು, ನಗ್ಬೇಡಿ, ಕೇಳಿದ್ದೇನೆ. ಸಂಜೆಗೆ ಮೊಣಕಾಲು ನೀರು, ಅದರಲ್ಲಿ ಇಡೀ ಆಕಾಶ. ಜಮ್ನಾಬೆನ್ ಬಳ್ಳಿ ಎತ್ಕೊಂಡು ಸೀರೆ ಸಮೇತ ಇಳಿದ್ಲು. ಸಾಹೇಬ್ರು ಬಂದವರು ಶೂ ಒದ್ದೆಯಾದೀತು ಅಂತ ದೂರವೇ ನಿಂತು "ನೀರಿದೆ" ಅಂತ ಬರೆದ್ರು.

ಎಂತ? ಮತ್ತೆ ಕೆರೆ ಹೋದದ್ದು ಹೇಗೆ ಅಂತ ಕೇಳ್ತೀಯಾ? ಮೇಲಿನ ಹೊಲ ಒಂದೊಂದೇ ಸೊಸೈಟಿ ಆಯ್ತು ಮಗಾ. ಬಿಲ್ಡರ್ ಕಳ್ಳನೇ, ಅವನನ್ನು ನಾನು ಬಿಡುದಿಲ್ಲ. ಆದ್ರೆ ಮನೆ ತಗೊಂಡವರೂ ಕಾರು ಒಳಗೆ ಹತ್ತಿಸ್ಲಿಕ್ಕೆ ಅಂತ ತಮ್ಮ ತಮ್ಮ ಗೇಟಿನ ಮುಂದೆ ಒಂದೊಂದು ಬುಟ್ಟಿ ಮಣ್ಣು ಹಾಕಿದ್ರು. ಕೆರೆ ಮುಚ್ಚಿದ್ದು ನಾನು ಅಂತ ಒಬ್ಬನೂ ಒಪ್ಪಲಿಕ್ಕಿಲ್ಲ. ನೀವು ಹಾಗೆ ಮಾಡ್ಬೇಡಿ. ಎಲ್ಲಿ ಮನೆ ಮಾಡಿದ್ರೂ ಮೊದಲ ಮಳೆಗೆ ಕೊಡೆ ಹಿಡ್ಕೊಂಡು ಹೊರಗೆ ಹೋಗಿ, ನೀರಿನ ಹಿಂದೆ ನಡೀರಿ, ಎಲ್ಲಿಗೆ ಹೋಗ್ತದೆ ಅಂತ ನೋಡ್ಕೊಂಡು ಬನ್ನಿ. ಆಮೇಲೆ ಹಾಕಿ ಬಾಗಿಲಿಗೆ ಮೆಟ್ಟಿಲು.