ಹಕ್ಕು ಬೇಡವೆಂದ ಹುಡುಗಿಯರಿಗೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ರಾಜಾಜಿನಗರದ ಈ ಹೊಸ ಬಡಾವಣೆಯ ಕೆಸರು ತುಳಿದುಕೊಂಡು ಬಂದಿರುವ ಸಭಿಕರೇ, ನನ್ನ ಮಗಳ ವಯಸ್ಸಿನ ಸದಸ್ಯೆಯರೇ,

ಇದು ಸ್ವರಾಜ್ಯ ಬಂದ ಹತ್ತನೆಯ ವರ್ಷ, ನಮ್ಮ ಸ್ತ್ರೀ ಹಕ್ಕು ಸಂಘಕ್ಕೆ ಐದನೆಯ ವರ್ಷ. ಕಾರ್ಯದರ್ಶಿ ಕುಮಾರಿ ಇಂದುಮತಿಯವರು ಈಗಷ್ಟೇ ವರದಿ ಓದಿ, ಕೊನೆಯಲ್ಲಿ ಒಂದು ಠರಾವು ಮಂಡಿಸಿದರು. ಸಂಘದ ಹೆಸರು ಇನ್ನು ಮುಂದೆ ‘ವನಿತಾ ವಿನೋದ ಸಂಘ’ ಎಂದಾಗಬೇಕಂತೆ. ಸ್ಥಾಪಕಿಯಾದ ಮುನಿತಾಯಮ್ಮನ, ಅಂದರೆ ನನ್ನ, ರುಜು ಒಂದು ಬೇಕಂತೆ. ಏಕಮ್ಮಾ ಎಂದು ಬೆಳಿಗ್ಗೆಯೇ ಕೇಳಿದ್ದೆ.

“ಹಕ್ಕು ಗಿಕ್ಕು ಅಂದ್ರೆ ನಮ್ಮನ್ನ ಗಂಡುಬೀರಿ ಅಂತಾರೆ ಅಮ್ಮ. ನಾವು ಆ ಥರದೋರಲ್ಲ” ಎಂದಳು.

ಬಿ.ಎ. ಓದಿದ್ದಾಳೆ. ಬಸ್ಸು ಹತ್ತಿ ಕಚೇರಿಗೆ ಹೋಗುತ್ತಾಳೆ. ಯಾವ ಥರದವಳಮ್ಮ ನೀನು? ವಿನೋದಕ್ಕೊಂದು ಸಂಘವೇಕೆ, ನಮ್ಮ ಯಜಮಾನರು ಮುದ್ದೆ ಕಟ್ಟುವುದನ್ನು ನೋಡಿದರೆ ಸಾಲದೇ?

ನಗಿ, ನಗಿ. ಬೈಯುವ ಯೋಗ್ಯತೆ ನನಗಿಲ್ಲ.

ಕೆಂಗೇರಿಯಲ್ಲಿ ನನಗೆ ಅಕ್ಷರ ಕಲಿಸಿದವಳು ಪಕ್ಕದ ಮನೆಯ ಸೊಸೆ ಬಸವ್ವ. ಒಲೆಯ ಮುಂದೆ ಬೂದಿ ಹರವಿ, ಬೆರಳು ಹಿಡಿದು ಬರೆಸುತ್ತಿದ್ದಳು. ಹೆಣ್ಣುಮಕ್ಕಳನ್ನೂ ಮಿಡ್ಲ್ ಸ್ಕೂಲಿಗೆ ಸೇರಿಸಿಕೊಳ್ಳಬೇಕೆಂದು ಅವಳೊಂದು ಅರ್ಜಿ ಬರೆದಳು. ರುಜು ಎರಡೇ, ಅವಳದು ಮತ್ತು ನನ್ನದು. ಊರ ಹಿರಿಯರು ಇಬ್ಬರನ್ನೂ ಚಾವಡಿಗೆ ಕರೆಸಿದರು.

“ಏನೇ, ನೀನೂ ಹಕ್ಕು ಕೇಳೋಳಾ?” ಎಂದು ನನ್ನನ್ನೇ ಮೊದಲು ಕೇಳಿದರು. ನಾನು ಏನೆಂದೆ ಗೊತ್ತೇ?

“ಅಯ್ಯೋ, ನಂಗೆ ಓದೋಕೇ ಬರಲ್ಲ ಸ್ವಾಮಿ. ಬಸವ್ವ ಗೀಚು ಅಂದ್ಳು, ಗೀಚ್ದೆ.”

ಬಸವ್ವ ನನ್ನ ಮುಖ ನೋಡಿದಳು. “ಹೌದು, ಅವಳಿಗೆ ಬರಲ್ಲ” ಎಂದಳು.

ಮರುದಿನವೇ ಗಂಡನ ಮನೆಯವರು ಅವಳನ್ನು ತವರಿಗೆ ಅಟ್ಟಿದರು. ನಾನು ಧೈರ್ಯ ಮಾಡಿ ಹುಡುಕಿಕೊಂಡು ಹೋಗುವಷ್ಟರಲ್ಲಿ ತವರಿನಲ್ಲೂ ಇರಲಿಲ್ಲ. ಇಪ್ಪತ್ತೆರಡು ವರ್ಷವಾಯಿತು. ಈಗಲೂ ಕೆಂಗೇರಿ ಬಸ್ಸು ನಿಂತರೆ, ಇಳಿಯುವ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ. ಹೊರಗೆ ಅಷ್ಟು ದೊಡ್ಡ ಅಕ್ಷರದ ಬೋರ್ಡು ಏಕೆ ಹಾಕಿಸಿದೆ ಎಂದು ನೀವೆಲ್ಲ ತಮಾಷೆ ಮಾಡುತ್ತೀರಿ. ಅವಳು ಈ ದಾರಿಯಲ್ಲಿ ಬಂದರೆ ಓದಿಕೊಂಡು ಒಳಗೆ ಬರಲಿ ಎಂಬ ಆಸೆಗೆ ಹಾಕಿಸಿದೆ. ವಿನೋದ ಎಂದಿದ್ದರೆ ಬಸವ್ವ ಒಳಗೆ ಬರುತ್ತಾಳೆಯೇ?

ಇಂದುಮತಿ, ನಿನ್ನ ಹೆದರಿಕೆ ನನಗೆ ಚೆನ್ನಾಗಿ ಗೊತ್ತು ಮಗಳೇ. ಸಮಾರಂಭವನ್ನು ಸೊಗಸಾಗಿ ನಡೆಸಿದ ನಿನಗೂ, ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ಠರಾವನ್ನು ಎರಡು ಸಲ ಓದಿದೆ. ನನಗೆ ಓದಲು ಬರುತ್ತದೆ. ನಾನು ಹಕ್ಕು ಕೇಳುವವಳು. ರುಜು ಹಾಕುವುದಿಲ್ಲ.

ನಮಸ್ಕಾರ.