ಕೊಡೆ ಗುರುತಿನ ಕುಶಾಲಪ್ಪ ಸೋತದ್ದು

...ಸುಳ್ಳಲ್ಲ ಮಾರಾಯ! ಮೊದಲನೇ ಚುನಾವಣೆಗೆ, ಓದು ಬಾರದವರಿಗೆ ಎಂತ ಚಿತ್ರ ಇಡುದು ಅಂತ ಪುತ್ತೂರಿನ ಸಾಹೇಬರು ಕರೆಸಿದ್ದು ಯಾರನ್ನು? ಈ ಬೆಳ್ಯಪ್ಪನನ್ನು! ಗೋಡೆಗೆ ಮಸಿಯಲ್ಲಿ ಒಂದು ಹುಂಜ ಬರೆದೆ. ಕಡಬದವನೊಬ್ಬನ ಅಂಕದ ಕೋಳಿ ಅದನ್ನು ನೋಡಿ ಹಾರಿ ಬಂದು, ಗೋಡೆಗೆ ಒದ್ದು ಒದ್ದು ಕಾಲು ಮುರಿದುಕೊಂಡಿತು! ಸಾಕ್ಷಿಯಾ? ಸಾಹೇಬರು ತೀರಿಹೋದರು. ಗೋಡೆ ಬಿತ್ತು. ಕೋಳಿ... ಕೋಳಿಯನ್ನು ಅವತ್ತೇ ಸಾರು ಮಾಡಿದೆವು.

ಎಂತ ನಗುದು? ಪಂಚಾಯತಿಗೆ ನಿಂತು ಒಂದೇ ಒಂದು ಓಟಿನಲ್ಲಿ ಸೋತವ ನಗುದಾ? ಅಲ್ಲ... ನಗು, ನಗು. ನಿನ್ನೆ ಎಣಿಕೆ ಮುಗಿದಾಗಿಂದ ನಿನ್ನ ಮುಖ ನೋಡ್ಲಿಕ್ಕೆ ಆಗುದಿಲ್ಲ, ಅಳಿಯ.

ಈಗಿನವರ ಚಿತ್ರವೂ ಒಂದು ಚಿತ್ರವಾ? ಥೂ! ಹೆಬ್ಬೆರಳಿನಷ್ಟಿಲ್ಲ, ಶಾಯಿ ಬೇರೆ ಹರಡಿ... ಚಿತ್ರ ಅಂದ್ರೆ, ಇದೆಂತ ಅಂತ ಕಣ್ಣು ಕೇಳುವ ಮೊದಲೇ ಕೈ ಹೋಗಬೇಕು! ದಿನಾ ಹಿಡಿದ ವಸ್ತು ಆಗಬೇಕು. ಕತ್ತಿ, ಗೆರಸೆ, ಚೆಂಬು! ಪೇಟೆಯವ ಪೇಟೆಯ ಸಾಮಾನು ನೋಡಿ ಬರೆದರೆ ನಮ್ಮಂಥವರಿಗೆ... ನಮ್ಮ ಆಚೆಮನೆಯ ಓದು ಬಾರದ ಪೂವಮ್ಮನಂಥವರಿಗೆ ಹೇಗೆ ಗೊತ್ತಾಗಬೇಕು?

ಎಲ್ಲಿಗೆ ಹೊರಟದ್ದು? ಪೋಕರ್‌ನ ಅಂಗಡಿಗಾ? ಹೋಗು! ಮುಖಕ್ಕೇ ಕೇಳು! ತಪ್ಪಿದ ಓಟು ಅವನದ್ದೇ, ನಾನು ಬರೆದು ಕೊಡ್ತೇನೆ. ಆಯ್ತು, ಬರೆಯಲಿಕ್ಕೆ ಬರುದಿಲ್ಲ, ಬಾಯಲ್ಲಿ ಹೇಳ್ತೇನೆ. ನಿಮ್ಮಿಬ್ಬರದ್ದು ಇಪ್ಪತ್ತು ವರ್ಷದ ಸ್ನೇಹ ಅಂತ ನೋಡ್ಬೇಡ. ಓಟು ಹಾಕಿ ಹೊರಗೆ ಬರುವಾಗ ತಲೆ ತಗ್ಗಿಸಿದ್ದ. ನಾನೇ ನೋಡಿದ್ದೇನೆ!

ನಾನಾ? ಸೋದರಮಾವನನ್ನೇ ಕೇಳ್ತೀಯಾ! ನಿನ್ನ ಕೊಡೆ ಗುರುತಿಗೆ ಬೆಳ್ಳಾರೆಯಿಂದ ಆಚೆ ಮನೆಮನೆ ಹತ್ತಿ ಇಳಿದವ ನಾನು! ಕೇಳು. ಕಾಗದ ಬಿಡಿಸಿದೆ. ಎರಡೇ ಚಿತ್ರ. ಒಂದು ನಿನ್ನ ಕೊಡೆ, ಇನ್ನೊಂದು ನಿನ್ನ ಎದುರು ನಿಂತ ಆ ತ್ಯಾಂಪಣ್ಣನ ತೆಂಗಿನ ಮರ. ಮರವಂತೆ ಮರ! ಮೇಲೆ ಕಪ್ಪಗೆ ಗುಡ್ಡೆಯ ಹಾಗೆ, ಕೆಳಗೆ ಹಂದಿಬಾಲದ ಹಾಗೆ ಸುತ್ತಿದ್ದು. ಬೇರು ಇರಬೇಕು. ನಿನ್ನ ಕೊಡೆಯೋ... ಆಹಾ! ನಮ್ಮಪ್ಪನ ಕಾಲದಿಂದ ನಾನು ಹಿಡಿಯುವ ತಾಳೆಗರಿಯ ಓಲೆಕೊಡೆಯೇ ಸೈ! ಮೇಲೆ ಓಲೆ ಒಂದೊಂದೂ ಕಾಣ್ತದೆ. ಕೆಳಗೆ ಬಿದಿರಿನ ಹಿಡಿ, ನೆಟ್ಟಗೆ! ಕೈ ತಾನಾಗಿ ಹೋಯ್ತು. ಒತ್ತಿದೆ ಮುದ್ರೆ, ಸರೀ ನಡುವಿಗೆ!

...ಎಂತ?

ಯಾಕೆ ಕೂತದ್ದು? ಹೋಗುದಿಲ್ವಾ?

ಭುಜದ ಕೊಡೆ ಯಾಕೆ ತೆಗೆದೆ? ಮಳೆ ಇಲ್ಲ, ಬಿಸಿಲಿಲ್ಲ. ಅದನ್ನು ಬಿಡಿಸಿ ನನ್ನ ಮೂಗಿನ ಹತ್ತಿರ... ಕಂಡಿದ್ದೇನೆ ಮಾರಾಯ, ಬಟ್ಟೆಕೊಡೆ ಕಾಣದವನಾ ನಾನು? ಮೇಲೆ ಕಪ್ಪಗೆ... ಕೆಳಗೆ ಹಿಡಿ...

ಹಿಡಿ ಡೊಂಕು.

ಹ್ಞೂಂ.

ಕುಶಾಲಪ್ಪ, ಬೈದುಬಿಡು ನನ್ನನ್ನು! ಎಣಿಕೆಯ ಮೇಜಿನ ಮೇಲೆ ಆ ಕಾಗದಗಳನ್ನು ಕಂಡಾಗಲೇ, ನಾನು ಒತ್ತಿದ್ದು ಮರಕ್ಕೋ ಏನೋ ಅಂತ ನನಗೊಂದು ಅನುಮಾನ ಬಂದಿತ್ತು. ಹೇಳಬೇಕು ಅಂತ ಬಾಯಿವರೆಗೆ ಬಂತು. ಅಷ್ಟರಲ್ಲಿ ನೀನೇ ಪೋಕರ್ ಅಂದೆ. ನಾನು... ಹೌದು ಅಂದೆ.

ಹಾಗೆ ನೋಡ್ಬೇಡ. ಡೊಂಕು ಹಿಡಿಯ ಕೊಡೆಯನ್ನು ಈ ಕೈ ಜನ್ಮದಲ್ಲಿ ಹಿಡಿದದ್ದಿಲ್ಲ. ಕೈಗೆ ಎಂತ ಗೊತ್ತುಂಟು?

ಆಯ್ತು, ಎಂತ ಮಾಡುದು ಈಗ. ಪೋಕರ್‌ನಲ್ಲಿಗೆ ಹೋಗಿ ಜಗಳ ಮಾಡುದು ಬೇಡ.

...ಸುಮ್ಮನೆ ಹೋಗುದಾದರೆ, ನನಗೊಂದು ಕಟ್ಟು ಬೀಡಿ ತಾ.